ಕರಾವಳಿಯ ಚಳಿಗಾಲದಲ್ಲಿ ವಿಶ್ರಾಂತಿಯನ್ನು ಕಾದಿರಿಸಿಕೊಳ್ಳುವ ಬಗೆ

ತುಳುನಾಡಿನ ಹಳೆಯ ಲೆಕ್ಕದಲ್ಲಿ ಬಿಡುವಿನ ತಿಂಗಳೆಂದರೆ ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆ ಸುರಿಯುವಾಗ ಮದುವೆಗಳಾಗಲಿ, ದೈವಗಳಿಗೆ ನಡೆಸುವ ಕೋಲವಾದ ನೇಮಗಳಾಗಲಿ ಇರುತ್ತಿರಲಿಲ್ಲ. ದೀಪಾವಳಿ ಕಳೆಯುತ್ತಲೇ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಕಂಬಳದ ಕೋಣಗಳು ಓಡುವ ಕೆಸರಿನ ಕರೆಗಳು ಸಿದ್ಧವಾಗುತ್ತವೆ, ಉಡುಪಿಯ ರಥಬೀದಿಯಲ್ಲಿ ಲಕ್ಷದೀಪೋತ್ಸವ ನಡೆಯುತ್ತದೆ, ತೋಟವಿದ್ದವರ ಅಂಗಳದಲ್ಲಿ ಅಡಿಕೆ ಹರಡಿಕೊಳ್ಳುತ್ತದೆ. ಆದ್ದರಿಂದ ಮಂಗಳೂರು, ಉಡುಪಿಯವರಿಗೆ ಚಳಿಗಾಲದ ವಿಶ್ರಾಂತಿ ತಾನಾಗಿ ಒದಗುವುದಿಲ್ಲ. ಅದನ್ನು ಮೊದಲೇ ಕಾದಿರಿಸಬೇಕು.

ಬಂದ ಆಮಂತ್ರಣಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಬರೆದು, ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟ ಅಥವಾ ನೇಮಕ್ಕೆ ಹೋಗುವುದಾದರೆ ಅದರ ಮರುದಿನವನ್ನೂ ಆಗಲೇ ಖಾಲಿ ಇಟ್ಟುಕೊಳ್ಳಿ. ನಿದ್ದೆಗೆಟ್ಟು ಬೆಳಗಿನ ಜಾವ ಬೈಕ್ ಓಡಿಸಿಕೊಂಡು ಮನೆಗೆ ಮರಳುವುದು ಅಪಾಯ. ಎಲ್ಲ ಕಡೆ ಮುಖ ತೋರಿಸಲೇಬೇಕೆಂಬ ದಾಕ್ಷಿಣ್ಯವನ್ನು ಸ್ವಲ್ಪ ಸಡಿಲಿಸಿದರೆ ಸಂಬಂಧವೇನೂ ಕೆಡುವುದಿಲ್ಲ.

ಜೂನ್‌ನಲ್ಲಿ ಸಂಜೆ 7ರ ಸುಮಾರಿಗೆ ಮುಳುಗುವ ಸೂರ್ಯ ನವೆಂಬರ್ ಕೊನೆಗೆ 6ರ ಸುಮಾರಿಗೇ ಮುಳುಗುತ್ತಾನೆ. ಕತ್ತಲಾದ ಮೇಲೆ ಮನೆಯ ಪ್ರಖರ ದೀಪಗಳನ್ನು ಕಡಿಮೆ ಮಾಡಿ, ಕುಚ್ಚಲಕ್ಕಿ ಗಂಜಿ ಮತ್ತು ತಿಮರೆ (ಒಂದೆಲಗ) ಚಟ್ನಿಯಂತಹ ಹಗುರ ಊಟವನ್ನು 8ರೊಳಗೆ ಮುಗಿಸಿದರೆ, ಬೇಗ ಮಲಗುವುದು ಕಷ್ಟವಾಗದು. ಬೆಳಿಗ್ಗೆ ಎಳೆಬಿಸಿಲಿನಲ್ಲಿ ಸ್ವಲ್ಪ ನಡೆದಾಡಿ. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸುತ್ತದೆ. ಡಿಸೆಂಬರಿನಲ್ಲೂ ನಮ್ಮಲ್ಲಿ ಮಧ್ಯಾಹ್ನದ ಉಷ್ಣತೆ 32–33 ಡಿಗ್ರಿಯಷ್ಟಿರುವುದರಿಂದ, ಶ್ರಮದ ಕೆಲಸವನ್ನು ಆ ಹೊತ್ತಿನಿಂದ ತಪ್ಪಿಸಿ, ಊಟದ ನಂತರ ಅರ್ಧ ಗಂಟೆ ಮಲಗಬಹುದು. ಅದಕ್ಕಿಂತ ಹೆಚ್ಚು ಮಲಗಿದರೆ ರಾತ್ರಿಯ ನಿದ್ದೆಗೆ ತೊಂದರೆಯಾದೀತು.

ವಾರಕ್ಕೊಂದು ಎಣ್ಣೆಸ್ನಾನವನ್ನು ನಾನು ವಿಶೇಷವಾಗಿ ಒತ್ತಿ ಹೇಳುತ್ತೇನೆ. ನರಕ ಚತುರ್ದಶಿಯಂದು ಹಂಡೆಗೆ ನೀರು ತುಂಬಿ ಮಾಡುವ ಅಭ್ಯಂಜನವನ್ನು ಆ ಒಂದೇ ದಿನಕ್ಕೆ ನಿಲ್ಲಿಸದೆ ಮುಂದುವರಿಸಬೇಕು. ಉಗುರುಬೆಚ್ಚಗಿನ ತೆಂಗಿನೆಣ್ಣೆಯನ್ನು ನೆತ್ತಿಗೆ, ಬೆನ್ನಿಗೆ, ಮೊಣಕಾಲಿಗೆ, ಅಂಗಾಲಿಗೆ ನಿಧಾನವಾಗಿ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಬಿಸಿನೀರಿನಲ್ಲಿ ಸೀಗೆಪುಡಿ ಅಥವಾ ಕಡಲೆಹಿಟ್ಟು ಹಚ್ಚಿ ತೊಳೆಯಿರಿ. ಮೈ ಒರೆಸಿಕೊಂಡು ಬಿಸಿ ಮೆಣಸಿನ ಸಾರು, ಅನ್ನ ಉಂಡು ಹೊದ್ದು ಮಲಗಿ. ಆ ದಿನ ಬೇರೆ ಕೆಲಸ ಹಚ್ಚಿಕೊಳ್ಳಬೇಡಿ. ಜ್ವರವಿದ್ದಾಗ ಈ ಸ್ನಾನ ಬೇಡ. ಬಚ್ಚಲಿನ ನೆಲ ಜಾರುವುದರಿಂದ ಹಿರಿಯರ ಜೊತೆ ಒಬ್ಬರು ಇರಲಿ.

ಇಷ್ಟೆಲ್ಲ ಮಾಡುವಾಗ ನೀರು ಕಾಯಿಸುವವರು, ಗಂಜಿ ಬೇಯಿಸುವವರು, ಪಾತ್ರೆ ತೊಳೆಯುವವರು ಒಬ್ಬರೇ ಆಗಿದ್ದರೆ ಅದು ಉಳಿದವರ ವಿಶ್ರಾಂತಿ ಮಾತ್ರ. ವಾರದಲ್ಲಿ ಒಂದು ದಿನವಾದರೂ ಅಮ್ಮನಿಗೆ, ಅತ್ತೆಗೆ ಅಡುಗೆಮನೆಯಿಂದ ಪೂರ್ಣ ಬಿಡುವು ಸಿಗುವಂತೆ ಮನೆಯವರೆಲ್ಲ ಕೆಲಸವನ್ನು ಹಂಚಿಕೊಳ್ಳಲೇಬೇಕು.

ಸಾಕಷ್ಟು ನಿದ್ದೆ ಮಾಡಿದರೂ ಎರಡು ಮೂರು ವಾರ ಆಯಾಸ ಇಳಿಯದಿದ್ದರೆ ಅದನ್ನು ಋತುವಿನ ಮೇಲೆ ಹಾಕಿ ಸುಮ್ಮನಿರಬೇಡಿ. ವೈದ್ಯರ ಬಳಿಗೆ ಹೋಗಿ ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ.