ವಿಜಯಪುರದ ಬಿಸಿಲಿಗೆ ಇಟಲಿಯ ವೈನ್: ಆರಿಸುವುದು, ಕಾಪಾಡುವುದು

ಇಟಲಿಯ ವೈನ್ ಕೊಳ್ಳುವಾಗ ಲೇಬಲ್ ಮೇಲಿನ ಹೆಸರು ಊರಿನದೋ ದ್ರಾಕ್ಷಿಯದೋ ಎಂದು ಮೊದಲು ನೋಡಿ. ಬರೋಲೊ ಪಿಯೆಮೊಂಟೆ ಪ್ರಾಂತ್ಯದ ಊರು, ಅಲ್ಲಿಯ ದ್ರಾಕ್ಷಿ ನೆಬ್ಬಿಯೋಲೊ. ಕಿಯಾಂಟಿ ಟಸ್ಕನಿಯ ಸೀಮೆ, ದ್ರಾಕ್ಷಿ ಸಾಂಜೊವೇಸೆ. ಹೆಚ್ಚಿನವರು ಎಡವುವುದು ಮೊಂಟೆಪುಲ್ಚಾನೊ ಹೆಸರಲ್ಲಿ. ಅಬ್ರುಟ್ಸೊ ಪ್ರಾಂತ್ಯದ ಬಾಟಲಿಯಲ್ಲಿ ಅದು ದ್ರಾಕ್ಷಿ, ಟಸ್ಕನಿಯ 'ವಿನೊ ನೋಬಿಲೆ' ಬಾಟಲಿಯಲ್ಲಿ ಊರು. ಎರಡರ ರುಚಿಯೂ ಬೇರೆ. ಕತ್ತಿನ ಮೇಲೆ ಸರ್ಕಾರಿ ಕಾಗದದ ಪಟ್ಟಿ, ಲೇಬಲ್ಲಿನಲ್ಲಿ ಡಿಒಸಿಜಿ ಅಕ್ಷರಗಳು ಇದ್ದರೆ ಅದು ಅತಿ ಬಿಗಿ ನಿಯಮದ ದರ್ಜೆ. ಕಿಯಾಂಟಿ ಕ್ಲಾಸಿಕೊದಲ್ಲಿ ಕಪ್ಪು ಹುಂಜದ ಗುರುತಿರುತ್ತದೆ, ಕನಿಷ್ಠ 80% ಸಾಂಜೊವೇಸೆ ಇರಲೇಬೇಕು.

ಒಣದ್ರಾಕ್ಷಿಯ ಶೆಡ್ ಕಂಡವರಿಗೆ ಅಮರೋನೆ ಎಂಬ ಕೆಂಪು ವೈನ್ ಬೇಗ ಅರ್ಥವಾಗುತ್ತದೆ. ವೆರೋನಾ ಬಳಿಯ ವಾಲ್ಪೊಲಿಚೆಲ್ಲಾದಲ್ಲಿ ಕೊರ್ವಿನಾ ದ್ರಾಕ್ಷಿಯ ಗೊನೆಗಳನ್ನು ಗಾಳಿಯಾಡುವ ಕೋಣೆಯಲ್ಲಿ ಸುಮಾರು ಮೂರು ತಿಂಗಳು ಹರವುತ್ತಾರೆ. ನಮ್ಮಲ್ಲಿ ಒಣದ್ರಾಕ್ಷಿಗೆಂದು ದ್ರಾವಣದಲ್ಲಿ ಅದ್ದಿದ ಗೊನೆ ಎರಡು-ಮೂರು ವಾರಕ್ಕೇ ಪೂರ್ತಿ ಒಣಗುತ್ತದೆ. ಅಲ್ಲಿ ಅರೆ ಒಣಗಿಸಿ, ಸಕ್ಕರೆಯ ಅಂಶ ಸಾಂದ್ರವಾದ ಮೇಲೆ ಹಿಂಡುವುದರಿಂದ ಆಲ್ಕೋಹಾಲ್ 15%ಕ್ಕೂ ಏರುತ್ತದೆ. ಮೇ ತಿಂಗಳ ರಾತ್ರಿಗೆ ಇದು ಭಾರ, ಡಿಸೆಂಬರಿಗೆ ಚೆಂದ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಊಟಕ್ಕೆ ಬರೋಲೊ ಬೇಡ. ಖಾರ ಅದರ ಒಗರನ್ನು ಹೆಚ್ಚಿಸಿ ನಾಲಿಗೆ ಒಣಗಿಸುತ್ತದೆ. ಅದೇ ಪಿಯೆಮೊಂಟೆಯ ಬಾರ್ಬೆರಾದಲ್ಲಿ ಒಗರು ಕಡಿಮೆ, ಹುಳಿ ಜಾಸ್ತಿ, ಎಣ್ಣೆ-ಶೇಂಗಾವನ್ನು ಚೆನ್ನಾಗಿ ಕತ್ತರಿಸುತ್ತದೆ. ಮಿರ್ಚಿ ಭಜಿಗೆ ಸಿಹಿಯಾದ ಮೊಸ್ಕಾಟೊ ದಾಸ್ತಿ, ಆಲ್ಕೋಹಾಲ್ ಬರೀ 5%ದ ಆಸುಪಾಸು. ವೆನೆಟೊ ಪ್ರಾಂತ್ಯದ ನೊರೆವೈನ್ ಪ್ರೊಸೆಕ್ಕೊ ಕೊಂಡರೆ ಒಂದು ಎಚ್ಚರ: 'ಎಕ್ಸ್‌ಟ್ರಾ ಡ್ರೈ' ಎಂದಿರುವುದು 'ಬ್ರೂಟ್' ಎಂದಿರುವುದಕ್ಕಿಂತ ಸಿಹಿ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆನ್ನುವ ಮಾತು ತಂಪು ದೇಶದ್ದು. ಇಲ್ಲಿ 35 ಡಿಗ್ರಿಯ ಕೋಣೆಯಲ್ಲಿ ಆಲ್ಕೋಹಾಲ್ ಮಾತ್ರ ಮೂಗಿಗೆ ಹೊಡೆಯುತ್ತದೆ. ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು ಹಾಕಿ ಕತ್ತಿನವರೆಗೆ ಮುಳುಗಿಸಿ. ಬರೀ ಐಸ್ ಹಾಕಿದರೆ ನಡುವೆ ಗಾಳಿ ಉಳಿದು ತಂಪು ನಿಧಾನ. ಕೆಂಪಿಗೆ 15 ನಿಮಿಷ ಸಾಕು, 16-18 ಡಿಗ್ರಿ ಗುರಿ. ಪ್ರೊಸೆಕ್ಕೊಗೆ ಅರ್ಧ ಗಂಟೆ, 6-8 ಡಿಗ್ರಿ. ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಒಡೆಯಬಹುದು.

ಸಂಗ್ರಹಕ್ಕೆ 12-15 ಡಿಗ್ರಿ ಬೇಕು. ಬೇಸಿಗೆಯಲ್ಲಿ ಅಲ್ಮೇರಾ, ಅಟ್ಟ ಎರಡೂ ನಡೆಯವು, ಫ್ರಿಜ್ಜಿನ ಕೆಳಗಿನ ಅರೆಯೇ ಮೇಲು. ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ, ಕತ್ತಿನಲ್ಲಿ ಜಿಗುಟಾದ ಕಲೆ ಇದ್ದರೆ ಬಾಟಲಿ ಕಾದು ಸೋರಿದೆ, ಕೊಳ್ಳಬೇಡಿ. ತೆರೆದ ಮೇಲೆ ಕೆಂಪಿರಲಿ ಬಿಳಿಯಿರಲಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.