ಗ್ರಾಮಸಭೆಗೆ ಮುನ್ನ ಪಂಚಾಯತ್‌ನ ಲೆಕ್ಕವನ್ನು ಮೊಬೈಲಿನಲ್ಲೇ ಓದಿಕೊಳ್ಳುವ ಕ್ರಮ

ಉಡುಪಿ ಜಿಲ್ಲೆಯ ಗ್ರಾಮ ಪಂಚಾಯತ್ ಕಚೇರಿಗಳಲ್ಲಿ ಮನೆ ತೆರಿಗೆಯ ರಶೀದಿಯಿಂದ ಹಿಡಿದು ಆಸ್ತಿಯ ನಮೂನೆ 9/11ರವರೆಗೆ ಬಹುತೇಕ ಕೆಲಸಗಳು ಇಂದು ಕಂಪ್ಯೂಟರಿನ ಮೂಲಕವೇ ನಡೆಯುತ್ತವೆ. ಆಸ್ತಿಯ ದಾಖಲೆಗೆ ಇ-ಸ್ವತ್ತು, ತೆರಿಗೆ ಮತ್ತು ಸಭೆಯ ನಡಾವಳಿಗೆ ಪಂಚತಂತ್ರ 2.0, ಯೋಜನೆ ಹಾಗೂ ಖರ್ಚಿಗೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಇ-ಗ್ರಾಮ್‌ಸ್ವರಾಜ್ ಎಂಬ ಜಾಲತಾಣಗಳಿವೆ. ಮೊದಲಿನ ಎರಡರ ಬಗ್ಗೆ ನಮ್ಮದೇ ಕೆಲಸ ಬಿದ್ದಾಗ ಹೇಗೂ ವಿಚಾರಿಸಿಕೊಳ್ಳುತ್ತೇವೆ. ಮೂರನೆಯದನ್ನು ತೆರೆದು ನೋಡುವವರು ಕಡಿಮೆ. ಊರಿನ ಕಾಲುಸಂಕಕ್ಕೆ, ಕುಡಿಯುವ ನೀರಿಗೆ, ಕಸ ವಿಲೇವಾರಿಗೆ ಬಂದ ಅನುದಾನ ಏನಾಯಿತೆಂಬುದನ್ನು ಅಲ್ಲಿಯೇ ನೋಡಬೇಕಾದ್ದರಿಂದ, ಈ ಬರಹ ಅದೊಂದನ್ನೇ ಕುರಿತದ್ದು.

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಂತೆ ವಾರ್ಡ್ ಸಭೆಯೂ ಗ್ರಾಮಸಭೆಯೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಬೇಡಿಕೆಗಳು ವಾರ್ಡ್ ಸಭೆಯಿಂದ ಗ್ರಾಮಸಭೆಗೆ ಹೋಗುವುದರಿಂದ, ಲೆಕ್ಕ ಓದುವ ಕೆಲಸವನ್ನು ವಾರ್ಡ್ ಸಭೆಯ ಸೂಚನಾಪತ್ರ ಕೈಸೇರಿದ ದಿನವೇ ಆರಂಭಿಸುವುದು ಒಳ್ಳೆಯದು.

ಇ-ಗ್ರಾಮ್‌ಸ್ವರಾಜ್ 2020ರ ಏಪ್ರಿಲ್ 24ರಂದು ಆರಂಭವಾಯಿತು. ಸಾರ್ವಜನಿಕರಿಗಾಗಿ ಇರುವ ವರದಿಗಳನ್ನು ನೋಡಲು ಲಾಗಿನ್ ಬೇಕಿಲ್ಲ. ಮೊಬೈಲಿನಲ್ಲಿ ನೋಡುವವರಿಗೆ ‘ಮೇರಿ ಪಂಚಾಯತ್’ ಆ್ಯಪ್ ಕೂಡ ಇದೆ. ಮೊದಲು ಆರ್ಥಿಕ ವರ್ಷವನ್ನು, ಬಳಿಕ ರಾಜ್ಯ, ಜಿಲ್ಲೆ, ತಾಲೂಕು, ಗ್ರಾಮ ಪಂಚಾಯತ್‌ಗಳನ್ನು ಆರಿಸಬೇಕು. ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದಾದ್ದರಿಂದ, ಕಳೆದ ಫೆಬ್ರವರಿಯಲ್ಲಿ ಆದ ಕೆಲಸವನ್ನು ಈ ವರ್ಷದ ಪುಟದಲ್ಲಿ ಹುಡುಕಿ, ಸಿಗದೆ, ‘ದಾಖಲೆಯೇ ಇಲ್ಲ’ ಎಂದು ಸಭೆಯಲ್ಲಿ ದೂರಿದರೆ ಪ್ರಶ್ನೆಯ ತೂಕವೇ ಹೋಗುತ್ತದೆ.

ಮೊದಲು ಅನುಮೋದಿತ ಕ್ರಿಯಾಯೋಜನೆಯನ್ನು ತೆರೆದು, ನಿಮ್ಮ ವಾರ್ಡಿಗೆ ಸಂಬಂಧಿಸಿದ ಕಾಮಗಾರಿಗಳ ಹೆಸರನ್ನೂ ಅಂದಾಜು ಮೊತ್ತವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಇಲ್ಲಿ ಅನುದಾನದ ಮೂಲವನ್ನು ಗಮನಿಸುವುದು ಬಹಳ ಮುಖ್ಯ. 2021-22ರಿಂದ 2025-26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗ ನಿರ್ಬಂಧಿತವಾಗಿದ್ದು, ಅದರಲ್ಲಿ ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ, ಇನ್ನರ್ಧ ನೈರ್ಮಲ್ಯಕ್ಕೆ ಮೀಸಲಾಗಿತ್ತು, ಉಳಿದ ಶೇ. 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಲು ಅವಕಾಶವಿತ್ತು. ನೀರಿಗಾಗಿ ಬಂದ ಹಣವನ್ನು ರಸ್ತೆಗೆ ಏಕೆ ಹಾಕಲಿಲ್ಲ ಎಂದು ಸದಸ್ಯರ ಮೇಲೆ ರೇಗುವುದು ಅನ್ಯಾಯ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಬತ್ತಿ ಟ್ಯಾಂಕರಿಗೆ ಕಾಯುವ ವಾರ್ಡಿನವರು ಆ ನೀರಿನ ಪಾಲು ಯಾವ ಕಾಮಗಾರಿಗೆ ಸಂದಿತು ಎಂದು ಕೇಳುವುದು ಮಾತ್ರ ಸಂಪೂರ್ಣ ನ್ಯಾಯ.

ಬಳಿಕ ಖರ್ಚಿನ ಪುಟಕ್ಕೆ ಬನ್ನಿ. ಯೋಜನೆಯಲ್ಲಿ ಇರುವ ಕಾಮಗಾರಿ ಖರ್ಚಿನಲ್ಲಿ ಕಾಣದಿದ್ದರೆ ಕೆಲಸ ಆರಂಭವಾಗದೆ ಇರಬಹುದು, ಬಿಲ್ಲು ಬಾಕಿ ಇರಬಹುದು, ನಮೂದು ತಡವಾಗಿರಲೂಬಹುದು. ಆದ್ದರಿಂದ ಅದನ್ನು ಅವ್ಯವಹಾರವೆಂದು ತೀರ್ಮಾನಿಸದೆ ಪ್ರಶ್ನೆಯಾಗಿ ಗುರುತು ಹಾಕಿಕೊಳ್ಳಿ. ಹಣ ಪಾವತಿಯಾಗಿದೆ ಎಂದು ತೋರಿಸಿದ್ದರೆ ಸ್ಥಳಕ್ಕೆ ಹೋಗಿ ನೋಡಲೇಬೇಕು. ತೋಟ, ಗದ್ದೆ, ತೋಡುಗಳ ನಡುವೆ ಚದುರಿದ ಮನೆಗಳಿರುವ ನಮ್ಮ ಊರುಗಳಲ್ಲಿ ‘ಇಂಥವರ ಮನೆ ಬಳಿ ತಡೆಗೋಡೆ’ ಎಂಬ ನಮೂದು ಯಾವ ಜಾಗವನ್ನು ಸೂಚಿಸುತ್ತದೆ ಎಂಬುದು ಅಲ್ಲಿ ಓಡಾಡುವವರಿಗೇ ಗೊತ್ತು. ಹಿಂದಿನ ವರ್ಷಗಳ ಲೆಕ್ಕಪರಿಶೋಧನೆಯ ವರದಿಗಳಿಗೆ ಆಡಿಟ್‌ಆನ್‌ಲೈನ್ ಎಂಬ ಪ್ರತ್ಯೇಕ ಜಾಲತಾಣವಿದೆ.

ಸಭೆಯಲ್ಲಿ ಮೊಬೈಲನ್ನು ಎತ್ತಿ ತೋರಿಸುವುದಕ್ಕಿಂತ, ಕಾಮಗಾರಿಯ ಹೆಸರು, ವರ್ಷ, ಮೊತ್ತ ಬರೆದ ಚೀಟಿಯನ್ನು ಅಧ್ಯಕ್ಷರಿಗೆ ಕೊಟ್ಟು ಕೇಳುವುದು ಹೆಚ್ಚು ಫಲಕಾರಿ. ‘ಅಧ್ಯಕ್ಷರೇ, ಈ ಕಾಮಗಾರಿಗೆ ಇಷ್ಟು ಮೊತ್ತ ಇಡಲಾಗಿತ್ತು, ಈಗ ಯಾವ ಹಂತದಲ್ಲಿದೆ?’ ಎಂದರೆ ಅಧ್ಯಕ್ಷರಾಗಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಲಿ ನಿರ್ದಿಷ್ಟವಾಗಿ ಉತ್ತರಿಸಬೇಕಾಗುತ್ತದೆ. ಮೊಬೈಲ್ ಬಳಸದ ಹಿರಿಯರ, ಕೂಲಿಗೆ ಹೋಗುವ ಮಹಿಳೆಯರ ಪ್ರಶ್ನೆಗಳನ್ನೂ ಮೊದಲೇ ಕೇಳಿ ಚೀಟಿಯಲ್ಲಿ ಸೇರಿಸಿ. ಓದಬಲ್ಲ ಕೆಲವರಿಗಷ್ಟೇ ದಕ್ಕಿದರೆ ಈ ವ್ಯವಸ್ಥೆ ಊರಿನದಾಗುವುದಿಲ್ಲ. ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿರುವ ಊರಿನವರೂ ಲೆಕ್ಕ ಓದಿ ಮನೆಯವರಿಗೆ ತಿಳಿಸಬಹುದು. ಆದರೆ ಫಲಾನುಭವಿಗಳ ಆಧಾರ್, ಬ್ಯಾಂಕ್ ಖಾತೆಯ ವಿವರಗಳಿರುವ ಯಾವ ಪುಟವನ್ನೂ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು.

ಉತ್ತರ ಸಿಕ್ಕಿದರೂ ಸಿಗದಿದ್ದರೂ, ನಿಮ್ಮ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗುವಂತೆ ಅಲ್ಲಿಯೇ ಕೋರಿಕೊಂಡು, ಕೆಲವು ದಿನಗಳ ಬಳಿಕ ನಡಾವಳಿಯ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡಲು ನಿರಾಕರಿಸಿದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕು. ಮುಂದಿನ ಸಭೆಯಲ್ಲಿ ಅನುಪಾಲನಾ ವರದಿಯನ್ನು, ಅಂದರೆ ಹಿಂದಿನ ಸಭೆಯ ವಿಷಯಗಳ ಮೇಲೆ ಏನು ಕ್ರಮವಾಯಿತೆಂಬ ವರದಿಯನ್ನು, ಓದುವಾಗ ಆ ಪ್ರತಿ ನಿಮ್ಮ ಕೈಯಲ್ಲಿರಲಿ.