ಸಿಪ್ಪೆಗೂ ಉಸಿರಾಡಲು ಬಿಡಿ: ಮುಂಬಯಿ ಫ್ಲ್ಯಾಟಿನಲ್ಲಿ ಗೊಬ್ಬರ ಮಾಡುವುದು ಹೇಗೆ?

2016ರ ಜನವರಿ ಕೊನೆಯ ವಾರ. ಚೆಂಬೂರಿನ ನಮ್ಮ ಮೂರನೇ ಮಹಡಿಯ ಕಿಟಕಿ ತೆರೆದರೆ ಎದುರಿನ ಬಿಲ್ಡಿಂಗ್ ಮಸುಕು ಮಸುಕು. ಮಂಜು ಅಂದುಕೊಂಡೆ. ಗಂಟಲು ಕೆರೆಯಲು ಶುರುವಾದ ಮೇಲೆ ಗೊತ್ತಾಯಿತು, ದೇವನಾರ್ ಡಂಪಿಂಗ್ ಗ್ರೌಂಡ್‌ಗೆ ಬೆಂಕಿ ಬಿದ್ದಿದೆ. ಅದು ದಿನಗಟ್ಟಲೆ ಆರಲಿಲ್ಲ. ಹೊಗೆ ಉಪಗ್ರಹದ ಚಿತ್ರದಲ್ಲೂ ಕಾಣಿಸಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ನಾವು ಕಿಟಕಿ ಮುಚ್ಚಿಕೊಂಡೆವು. ಗೋವಂಡಿ, ಶಿವಾಜಿನಗರದವರ ಮನೆಗಳು ಆ ಕಸದ ಗುಡ್ಡಕ್ಕೆ ಅಂಟಿಕೊಂಡೇ ಇವೆ. ಅವರು ಎಷ್ಟು ಅಂತ ಮುಚ್ಚುತ್ತಾರೆ?

ಪ್ಲಾಸ್ಟಿಕ್ಕು, ಬಟ್ಟೆ ಎಲ್ಲ ಸುಟ್ಟವು, ಸರಿ. ಆದರೆ ರಾಶಿಯ ಒಳಗಿನಿಂದ ಬೆಂಕಿಗೆ ಗ್ಯಾಸ್ ಒದಗಿಸಿದ್ದು ಹಸಿ ಕಸ. ನಿಮ್ಮ ಮನೆಯ ಬಾಳೆಹಣ್ಣಿನ ಸಿಪ್ಪೆ, ನಮ್ಮ ಮನೆಯ ಹಳಸಿದ ಅನ್ನ.

ಊರಲ್ಲಿ ಗೋಬರ್ ಗ್ಯಾಸ್ ಒಲೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೆಗಣಿಯನ್ನು ಗಾಳಿ ಸೋಕದ ಹಾಗೆ ಗುಂಡಿಯಲ್ಲಿ ಮುಚ್ಚಿಟ್ಟರೆ ಮೀಥೇನ್ ಬರುತ್ತದೆ, ಒಲೆ ಉರಿಯುತ್ತದೆ. 1927ರಿಂದ ಕಸ ಬೀಳುತ್ತಿರುವ ದೇವನಾರ್‌ನಲ್ಲೂ ಅದೇ. ಮೇಲಿಂದ ಮೇಲೆ ಕಸ ಬಿದ್ದು ಅಡಿಯ ಕಸಕ್ಕೆ ಗಾಳಿ ಸಿಗುವುದಿಲ್ಲ. ಪೈಪು, ಒಲೆ ಯಾವುದೂ ಇಲ್ಲದ ಗೋಬರ್ ಗ್ಯಾಸ್ ಗುಂಡಿ ಅದು. ನೂರು ವರ್ಷದ ಲೆಕ್ಕ ಹಿಡಿದರೆ ಮೀಥೇನ್ ಭೂಮಿಯನ್ನು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ.

ಅದೇ ಸಿಪ್ಪೆ ಗಾಳಿ ಆಡುವ ಬಕೆಟ್‌ನಲ್ಲಿ ಕೊಳೆತರೆ ಮಣ್ಣಾಗುತ್ತದೆ. ಮೀಥೇನ್ ಇಲ್ಲವೆನ್ನುವಷ್ಟು ಕಡಿಮೆ, ನಾತವೂ ಇಲ್ಲ. ಮುಂದೆ ಹೇಳುವ ಕೆಲಸವೆಲ್ಲ ಆ ಗಾಳಿಗಾಗಿಯೇ.

ಮೊದಲು ಮೂರು ದಿನ ತೂಗಿ

ಬಕೆಟ್ ತರಲು ಓಡಬೇಡಿ. ಅಡುಗೆಮನೆಯಲ್ಲಿ ಎರಡು ಡಬ್ಬ ಇಡಿ. ಒಂದಕ್ಕೆ ಸಿಪ್ಪೆ, ತೊಟ್ಟು, ಚಹಾ ಚರಟ. ಇನ್ನೊಂದಕ್ಕೆ ತಟ್ಟೆಯಲ್ಲಿ ಬಿಟ್ಟದ್ದು, ಫ್ರಿಜ್ಜಿನಲ್ಲಿ ಕೆಟ್ಟದ್ದು. ಮೂರು ದಿನ ರಾತ್ರಿ ಎರಡನ್ನೂ ತೂಗಿ ಬರೆದಿಡಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ, ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ. ಸಿಪ್ಪೆ, ಮೂಳೆ ಎಲ್ಲ ಸೇರಿ. ದಿನಕ್ಕೆ 150 ಗ್ರಾಂ ಆಯಿತು. ನಾಲ್ಕು ಜನರ ಮನೆಯಾದರೆ 600 ಗ್ರಾಂ.

ನಮ್ಮಲ್ಲಿ ಮೊದಲ ಡಬ್ಬ ನೋಡಿ ಏನೂ ಅನ್ನಿಸಲಿಲ್ಲ. ಎರಡನೆಯದು ನೋಡಿ ನಾಚಿಕೆ ಆಯಿತು. ಮೂರು ದಿನವೂ ಅದರಲ್ಲಿ ಅನ್ನ! "ಯಾರಾದರೂ ಬಂದರೆ?" ಅಂತ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕುವುದು ನಮ್ಮ ತಾಯಿಯಿಂದ ಬಂದ ಅಭ್ಯಾಸ. ಫೋನ್ ಮಾಡದೆ ಯಾರೂ ಬಾರದ ಈ ಊರಲ್ಲಿ ಅದನ್ನು ಯಾಕೆ ಮುಂದುವರಿಸಿದೆವೋ!

ಅನ್ನದ ವಿಷಯ ಸ್ವಲ್ಪ ಬೇರೆ. ನೀರು ನಿಂತ ಗದ್ದೆಯ ಕೆಸರಿಗೂ ಗಾಳಿ ಇಲ್ಲ. ಅಲ್ಲೂ ಮೀಥೇನ್ ಹುಟ್ಟುತ್ತದೆ. ಬಿಸಾಡಿದ ಅನ್ನ ಗದ್ದೆಯಲ್ಲಿ ಒಮ್ಮೆ ಗ್ಯಾಸ್ ಬಿಟ್ಟು ಬಂದಿದೆ, ಡಂಪಿಂಗ್ ಗ್ರೌಂಡ್‌ನಲ್ಲಿ ಇನ್ನೊಮ್ಮೆ ಬಿಡುತ್ತದೆ. ನಡುವೆ ಪಂಪಿನ ಕರೆಂಟು, ಯೂರಿಯಾ, ಲಾರಿಯ ಡೀಸೆಲ್ಲು, ನಿಮ್ಮ ಸಿಲಿಂಡರು. ಗೊಬ್ಬರ ಮಾಡಿದರೂ ಇವು ಯಾವುವೂ ವಾಪಸ್ ಬರುವುದಿಲ್ಲ. ಹಾಗಾಗಿ ಎರಡನೇ ಡಬ್ಬವನ್ನು ಗೊಬ್ಬರಕ್ಕೆ ಹಾಕುವ ಉಪಾಯ ಹುಡುಕುವುದಲ್ಲ, ಆ ಡಬ್ಬವನ್ನೇ ಸಣ್ಣದು ಮಾಡಬೇಕು. ನಾವು ಅಕ್ಕಿ ಅಳೆಯುವ ಲೋಟ ಬದಲಾಯಿಸಿದೆವು, ಅಷ್ಟೇ. ಉಳಿದರೆ ಬೆಳಿಗ್ಗೆ ಚಿತ್ರಾನ್ನ.

ಪಾತ್ರೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಅಥವಾ ಪೇಂಟರ್ ಹತ್ತಿರ ಕೇಳಿದರೆ 20 ಲೀಟರಿನ ಖಾಲಿ ಪೇಂಟ್ ಬಕೆಟ್ ಸಿಗುತ್ತದೆ. ನೀರಲ್ಲಿ ಕರಗುವ ಗೋಡೆ ಬಣ್ಣದ್ದೇ ಆಗಲಿ, ಎಣ್ಣೆ ಪೇಂಟಿನದು ಬೇಡ. ಚೆನ್ನಾಗಿ ತೊಳೆಯಿರಿ. ನಾಲ್ಕು ಜನರ ಮನೆಗೆ ಮೂರು ಬಕೆಟ್ ಬೇಕು. ಒಂದು ತುಂಬಲು ಹತ್ತಿರ ಹತ್ತಿರ ಒಂದು ತಿಂಗಳು, ತುಂಬಿದ್ದು ಮಾಗಲು ಇನ್ನೆರಡು ತಿಂಗಳು. ಸರದಿ ಸರಿಹೋಗುತ್ತದೆ.

ದಪ್ಪ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಮೇಲೆ ಕಾಯಿಸಿ, ಬಕೆಟ್ ಸುತ್ತ ಅಂಗೈ ಅಗಲಕ್ಕೊಂದರಂತೆ ತೂತು ಮಾಡಿ. ಕಿಟಕಿ ತೆರೆದಿಟ್ಟು ಮಾಡಿ, ಪ್ಲಾಸ್ಟಿಕ್ ಕರಗಿದ ಹೊಗೆ ಒಳ್ಳೆಯದಲ್ಲ. ತಳಕ್ಕೂ ನಾಲ್ಕೈದು ತೂತು ಇರಲಿ, ಕೆಳಗೆ ತಟ್ಟೆ ಇಡಿ. ತಟ್ಟೆ ಮರೆಯಬೇಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಖರ್ಚು ಮಾಡಲು ಮನಸ್ಸಿದ್ದರೆ ಧಾರಾವಿಯ ಕುಂಭಾರವಾಡಕ್ಕೆ ಹೋಗಿ ದೊಡ್ಡ ಮಣ್ಣಿನ ಮಡಕೆ ತನ್ನಿ. ಸುಟ್ಟ ಮಣ್ಣಿನ ಗೋಡೆಯೇ ಸ್ವಲ್ಪ ಉಸಿರಾಡುತ್ತದೆ, ಒಳಗಿನ ನೀರು ಹೀರಿ ಹೊರಗೆ ಬಿಡುತ್ತದೆ. ತೂಕ ಜಾಸ್ತಿ. ಕಿಟಕಿಯ ಬಾಕ್ಸ್ ಗ್ರಿಲ್ ಮೇಲೆ ಮಾತ್ರ ಇಡಬೇಡಿ, ಕೆಳಗೆ ಜನ ಓಡಾಡುತ್ತಾರೆ.

ತರಗೆಲೆ ಇಲ್ಲದೆ ಶುರು ಮಾಡಬೇಡಿ

ಅರ್ಧಕ್ಕೇ ಕೈಬಿಟ್ಟವರು ಹೆಚ್ಚಾಗಿ ಎಡವಿದ್ದು ಇಲ್ಲಿ. ಬರೀ ಸಿಪ್ಪೆ ಹಾಕಿದರೆ ಅದು ನೀರು ಬಿಟ್ಟು, ಮುದ್ದೆಯಾಗಿ, ಗಾಳಿ ಕಟ್ಟುತ್ತದೆ. ಬಕೆಟ್ಟೇ ಪುಟಾಣಿ ದೇವನಾರ್!

ಕರಾವಳಿಯ ಮನೆಗಳಲ್ಲಿ ಹಟ್ಟಿಗೆ ಸೊಪ್ಪು, ತರಗೆಲೆ ಹಾಸುತ್ತಿದ್ದದ್ದು ನೆನಪಿದೆಯಾ? ದನದ ಕಾಲಡಿಗೆ ಮೆತ್ತಗಿರಲಿ ಅಂತ ಮಾತ್ರ ಅಲ್ಲ. ಸೆಗಣಿ, ಗಂಜಲದಲ್ಲಿ ಸಾರಜನಕ ಹೆಚ್ಚು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಕೊಳೆಸುವ ಜೀವಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಯಾವ ಪುಸ್ತಕ ಓದದೆಯೂ ನಮ್ಮ ಅಜ್ಜಿಯಂದಿರಿಗೆ ಈ ಲೆಕ್ಕ ಕೈಗೆ ಬಂದಿತ್ತು. ಅಡುಗೆಮನೆಯ ಸಿಪ್ಪೆಯನ್ನು ಸೆಗಣಿ ಅಂದುಕೊಳ್ಳಿ. ಅದರ ಜೊತೆ ಒಣದ್ದು ಹೋಗಲೇಬೇಕು.

ಮುಂಬಯಿಯಲ್ಲಿ ತರಗೆಲೆಗೆ ಬರ ಇಲ್ಲ. ಬೇಸಿಗೆ ಹತ್ತಿರವಾದ ಹಾಗೆ ರಸ್ತೆ ಬದಿಯ ಮರಗಳು ರಾಶಿ ರಾಶಿ ಎಲೆ ಉದುರಿಸುತ್ತವೆ. ಕೆಲವು ಹೌಸಿಂಗ್ ಸೊಸೈಟಿಗಳಲ್ಲಿ ಅದನ್ನು ಗುಡಿಸಿ ಮೂಲೆಯಲ್ಲಿ ಸುಡುತ್ತಾರೆ. ನಿಯಮಕ್ಕೆ ವಿರುದ್ಧ, ಎದೆಗೂ ಕೆಟ್ಟದು. ವಾಚ್‌ಮನ್‌ಗೆ ಒಂದು ಖಾಲಿ ಗೋಣಿ ಕೊಟ್ಟು "ಭೈಯಾ, ಸೂಖಾ ಪತ್ತಾ ಇದರಲ್ಲಿ ಹಾಕಿಡಿ" ಅನ್ನಿ. ನಮ್ಮ ವಾಚ್‌ಮನ್ ಮೊದಲ ದಿನ ನನ್ನ ಮುಖವನ್ನೇ ನೋಡಿದ. ಈಗ ಗೋಣಿ ತುಂಬಿದರೆ ಅವನೇ ಇಂಟರ್‌ಕಾಮ್ ಮಾಡುತ್ತಾನೆ. ಎಲೆ ಸಿಗದಿದ್ದರೆ ನರ್ಸರಿಯ ಕೊಕೊಪೀಟ್, ಬಡಗಿಯ ಮರದ ಪುಡಿ, ಹರಿದ ಮೊಟ್ಟೆ ಟ್ರೇ ಆಗುತ್ತದೆ. ಪ್ಲೈವುಡ್ ಕೊಯ್ದ ಪುಡಿ ಬೇಡ, ಅದರಲ್ಲಿ ಅಂಟು ಇರುತ್ತದೆ.

ದಿನದ ಕೆಲಸ

ಬಕೆಟ್ ತಳಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹಾಸಿ. ಮೇಲೆ ಒಂದು ಹಿಡಿ ಹಳೆ ಕುಂಡದ ಮಣ್ಣು, ಅರ್ಧ ಲೋಟ ಹುಳಿ ಮಜ್ಜಿಗೆ. ಕೊಳೆಸುವ ಜೀವಾಣುಗಳು ಮಣ್ಣಿನಲ್ಲೇ ಇರುತ್ತವೆ. ಮಜ್ಜಿಗೆ ಸುಮ್ನೆ ಒಂದು ಕೈ ಸಹಾಯ. ಇದಕ್ಕೆಂದು ಪ್ಯಾಕೆಟ್‌ನಲ್ಲಿ ಮಾರುವ ಪುಡಿ ಬೇಕೇ ಬೇಕು ಅಂತಿಲ್ಲ.

ರಾತ್ರಿ ಪಾತ್ರೆ ತೊಳೆದಾದ ಮೇಲೆ ದಿನದ ಸಿಪ್ಪೆಯನ್ನು ನೀರು ಸೋರಿಸಿ ಹಾಕಿ. ದೊಡ್ಡ ತುಂಡುಗಳನ್ನು ಕತ್ತರಿಸಿ, ಎರಡು ಬೆರಳಿಗಿಂತ ದೊಡ್ಡದು ಬೇಡ. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಪುಡಿ ಮಾಡಿದ ತರಗೆಲೆ. ಮೇಲ್ಗಡೆ ಹಸಿ ಏನೂ ಕಾಣಬಾರದು. ಎರಡು ನಿಮಿಷದ ಕೆಲಸ.

ವಾರಕ್ಕೆರಡು ಸಲ ಕೋಲಿನಿಂದ ಅಡಿಯದು ಮೇಲೆ ಬರುವ ಹಾಗೆ ತಿರುವಿ. ಗಾಳಿ ಒಳಗೆ ಹೋಗುವುದು ಆಗಲೇ. ತಿರುವುವಾಗ ಕೈಗೆ ಬೆಚ್ಚಗೆ ತಾಗಿದರೆ ಖುಷಿಪಡಿ, ಒಳಗೆ ಕೆಲಸ ನಡೆದಿದೆ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿಯಿರಿ. ಬೆರಳ ಸಂದಿಯಿಂದ ನೀರು ಇಳಿದರೆ ಒದ್ದೆ ಜಾಸ್ತಿ, ತರಗೆಲೆ ಸೇರಿಸಿ. ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಒತ್ತಿದ ಅವಲಕ್ಕಿಯ ಹಾಗೆ ಉಂಡೆ ನಿಂತರೆ ಸರಿ.

ಏನು ಹಾಕಬಾರದು? ಮೀನಿನ ಮುಳ್ಳು, ಮಾಂಸ, ಎಣ್ಣೆ, ಹಾಲು. ತೆಂಗಿನ ಚಿಪ್ಪು, ಬೊಂಡದ ಸಿಪ್ಪೆ ಕರಗಲು ವರ್ಷಗಳೇ ಬೇಕು. ಚಹಾ ಚರಟವನ್ನು ತೊಳೆದು ಹಾಕಿ, ಸಕ್ಕರೆ ಇದ್ದರೆ ಇರುವೆ. ನಿಂಬೆ ಸಿಪ್ಪೆ ಸ್ವಲ್ಪ ಪರವಾಗಿಲ್ಲ. ಮೊಟ್ಟೆ ಚಿಪ್ಪನ್ನು ಪುಡಿ ಮಾಡಿ. ಮೀನು ತಿನ್ನುವ ಮನೆಗಳು ಮುಳ್ಳನ್ನು ಪಾಲಿಕೆಯ ಓಲಾ ಕಚ್ರಾಕ್ಕೇ (ಹಸಿ ಕಸಕ್ಕೇ) ಕೊಡಬೇಕಾಗುತ್ತದೆ, ನಾವೂ ಕೊಡುತ್ತೇವೆ.

ಎಡವಟ್ಟುಗಳು

ತಟ್ಟೆಯ ಕಥೆ. ಮೊದಲ ತಿಂಗಳು ಎರಡು ದಿನ ಉಳಿದ ಸಾಂಬಾರ್ ಅನ್ನು ಬಕೆಟ್‌ಗೆ ಸುರಿದುಬಿಟ್ಟೆ. ತೊಗರಿಬೇಳೆ ತಾನೆ, ಕೊಳೆಯುತ್ತದೆ ಅಂತ. ತಟ್ಟೆ ಇಟ್ಟಿರಲಿಲ್ಲ. ಮೂರನೇ ದಿನ ಕಂದು ನೀರು ಬಾಲ್ಕನಿಯಿಂದ ಇಳಿದು ಕೆಳಗಿನ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಒಣಹಾಕಿದ್ದ ಬಿಳಿ ಬೆಡ್‌ಶೀಟ್ ಮೇಲೆ. ಅವರು ಮೇಲೆ ಬಂದು ಮೂಗು ಮುಚ್ಚಿಕೊಂಡು "ಕಿತೀ ವಾಸ್ ಯೇತೋಯ್!" (ಎಷ್ಟು ನಾತ ಬರುತ್ತಿದೆ!) ಅಂದರು. ಬೆಡ್‌ಶೀಟ್ ನಾನೇ ಒಗೆದು ಕೊಟ್ಟೆ. ಕಲೆ ಪೂರ್ತಿ ಹೋಗಲಿಲ್ಲ.

ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಇಲ್ಲ ಅಂತ ಅರ್ಥ. ಎಲ್ಲವನ್ನೂ ಹಳೇ ಪೇಪರ್ ಮೇಲೆ ಸುರಿದು, ಸಿಕ್ಕಷ್ಟು ತರಗೆಲೆ ಕಲಸಿ, ವಾಪಸ್ ತುಂಬಿ. ಎರಡು ದಿನದಲ್ಲಿ ನಾತ ಹೋಗುತ್ತದೆ. ಮೂಗಿಗೆ ಕುಟುಕುವ ಅಮೋನಿಯಾ ವಾಸನೆ ಬಂದರೆ ಸಾರಜನಕ ಹೆಚ್ಚಾಗಿದೆ. ಅದಕ್ಕೂ ತರಗೆಲೆಯೇ ಮದ್ದು. ಬಿಳಿ ಬೂಷ್ಟು ಬಂದರೆ ಏನೂ ಮಾಡಬೇಡಿ, ಅದು ಕೆಲಸದ ಆಳು.

ಹುಳ ಕಂಡು ಬಕೆಟ್ ಸಮೇತ ಬಿಸಾಡಿದವರನ್ನು ನೋಡಿದ್ದೇನೆ. ಬೂದು ಬಣ್ಣದ, ಬೆರಳ ಗೆಣ್ಣಿನಷ್ಟು ಉದ್ದದ, ಚಪ್ಪಟೆ ಹುಳಗಳು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ. ಸಿಪ್ಪೆಯನ್ನು ನಮಗಿಂತ ಬೇಗ ಮುಗಿಸುತ್ತವೆ. ಆದರೂ ಅಡುಗೆಮನೆಗೆ ತೆವಳಿಕೊಂಡು ಬಂದರೆ ಯಾರಿಗೆ ಬೇಕು ಅಲ್ವಾ? ಒದ್ದೆ ಕಡಿಮೆ ಮಾಡಿ, ಮೇಲೆ ದಪ್ಪಗೆ ಒಣದ್ದು ಮುಚ್ಚಿ, ತೂತುಗಳಿಗೆ ಹಳೇ ಸೊಳ್ಳೆಪರದೆಯ ತುಂಡು ಸುತ್ತಿ.

ಮಳೆಗಾಲಕ್ಕೆ ಮಾರ್ಚ್‌ನಲ್ಲೇ ತಯಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಲ್ಲಿ ಹಪ್ಪಳವೇ ಗರಿಗರಿ ಉಳಿಯುವುದಿಲ್ಲ, ಬಕೆಟ್ ಹೇಗೆ ಒಣಗುತ್ತದೆ? ಆಗ ತರಗೆಲೆ ಒಂದು ಹಿಡಿ ಹೆಚ್ಚು ಬೇಕು, ಹೊರಗೆ ಸಿಗುವುದು ಒದ್ದೆ ಎಲೆ ಮಾತ್ರ. ನಾಲ್ಕು ಗೋಣಿ ತುಂಬಿ ಒಳಗಿಡಿ.

ಮಳೆಗಾಲದಲ್ಲಿ ಕಸ ಹೊರಗೆ ಬೀಳದಿರುವುದಕ್ಕೆ ಇನ್ನೊಂದು ಕಾರಣ ಇದೆ. ಬೀದಿಯ ಹಸಿ ಕಸಕ್ಕೆ ಇಲಿ ಬರುತ್ತದೆ, ಇಲಿಯ ಮೂತ್ರ ನಿಂತ ನೀರಿಗೆ ಸೇರುತ್ತದೆ, ಆ ನೀರಲ್ಲಿ ಗಾಯದ ಕಾಲಿಟ್ಟು ನಡೆದವರಿಗೆ ಇಲಿಜ್ವರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದಿತ್ತು. ಆಮೇಲಿನ ವಾರಗಳಲ್ಲಿ ಇಲಿಜ್ವರಕ್ಕೆ ಆಸ್ಪತ್ರೆ ಸೇರಿದವರ ಕಥೆ ಅಂದು ಇಲ್ಲಿದ್ದವರಿಗೆಲ್ಲ ಗೊತ್ತು.

ದೊಡ್ಡ ಸೊಸೈಟಿಯಲ್ಲಿದ್ದರೆ ಕಮಿಟಿಯನ್ನೂ ಒಂದು ಮಾತು ಕೇಳಿ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಬರುವ ಅಥವಾ 20,000 ಚದರ ಮೀಟರ್‌ಗಿಂತ ದೊಡ್ಡ ಸಂಕೀರ್ಣಗಳು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕು ಅಂತ ಪಾಲಿಕೆ 2017ರ ಅಕ್ಟೋಬರ್ 2ರ ಗಡುವು ಕೊಟ್ಟಿತ್ತು. ವಾರ್ಷಿಕ ಸಭೆಯಲ್ಲಿ ಎದ್ದು ಕೇಳಿದರೆ ಕಾರ್ಯದರ್ಶಿಗೆ ಕೋಪ ಬರಬಹುದು. ಬರಲಿ.

ತೆಗೆಯುವುದು, ಬಳಸುವುದು

ತುಂಬಿದ ಬಕೆಟ್‌ಗೆ ಚೀಟಿ ಅಂಟಿಸಿ ತಾರೀಕು ಬರೆಯಿರಿ. ಎರಡು ತಿಂಗಳ ಮೇಲೆ ಮುಚ್ಚಳ ತೆಗೆದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಸಿಪ್ಪೆಯ ಗುರುತು ಸಿಕ್ಕರೆ ಇನ್ನೂ ಹದಿನೈದು ದಿನ ಬಿಡಿ. ಅವಸರದಲ್ಲಿ ಅರೆಬೆಂದ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ.

ಒಂದು ಪಾಲು ಗೊಬ್ಬರಕ್ಕೆ ಎರಡು ಪಾಲು ಮಣ್ಣು ಬೆರೆಸಿ ಕುಂಡಕ್ಕೆ ತುಂಬಿ. ಬಸಳೆಯ ಒಂದು ಗೇಣು ದಂಟು ಚುಚ್ಚಿದರೆ ಸಾಕು, ಗ್ರಿಲ್ ಹತ್ತಿಕೊಂಡು ಹೋಗುತ್ತದೆ. ನಾಸಿಕ, ಸಾತಾರಾದಿಂದ ವಾಶಿ ಮಾರ್ಕೆಟ್‌ಗೆ ತರಕಾರಿಯ ಲಾರಿ ಬರುತ್ತದೆ, ಮದ್ದೂರಿನಿಂದ ಎಳನೀರಿನ ಲಾರಿ ಬರುತ್ತದೆ. ಜೊತೆಗೆ ಆ ಹೊಲಗಳ ಸಾರವೂ ಬರುತ್ತದೆ. ವಾಪಸ್ ಹೋಗುವ ಲಾರಿಯಲ್ಲಿ ಸಾರ ಇಲ್ಲ. ಆ ಜಾಗ ತುಂಬಲು ರೈತ ಯೂರಿಯಾ ಹಾಕುತ್ತಾನೆ, ಅದರಲ್ಲಿ ಒಂದು ಪಾಲು ಬಾವಿಯ ನೀರಿಗೆ ಇಳಿಯುತ್ತದೆ. ನಮ್ಮ ಬಕೆಟ್ ನಾಸಿಕದ ಹೊಲಕ್ಕೆ ಹೋಗುವುದಿಲ್ಲ, ನಿಜ. ಗ್ರಿಲ್ಲಿನ ಬಸಳೆಗೆ ಹೋಗುತ್ತದೆ, ಸೊಸೈಟಿಯ ಮರಗಳ ಬುಡಕ್ಕೆ ಹೋಗುತ್ತದೆ. ಹೋದ ವರ್ಷ ಕಾಕುವಿನ ತುಳಸಿಗೂ ಒಂದು ಡಬ್ಬ ಹೋಯಿತು. ಬೆಡ್‌ಶೀಟ್ ವಿಷಯ ಅವರು ಎತ್ತಲಿಲ್ಲ.

ಬಳಸುವ ಮುಂಚೆ ಗೊಬ್ಬರವನ್ನು ಹಳೇ ಜರಡಿಯಲ್ಲಿ ಜಾಳಿಸಿ. ಮಾವಿನ ಗೊರಟೆ, ಕರಿಬೇವಿನ ಕಡ್ಡಿ, ಅರ್ಧ ಕರಗಿದ ಜೋಳದ ದಿಂಡು ಮೇಲೆ ಉಳಿಯುತ್ತವೆ. ಅವನ್ನು ಬಿಸಾಡಬೇಡಿ. ಹೊಸ ಬಕೆಟ್ ತಳಕ್ಕೆ ತರಗೆಲೆಯ ಮೇಲೆ ಹರಡಿ. ಜೀವಾಣುಗಳು ಅವುಗಳ ಮೈಗೆ ಅಂಟಿಕೊಂಡೇ ಇರುತ್ತವೆ, ಈ ಸಲ ಮಜ್ಜಿಗೆ ಬೇಕಾಗುವುದಿಲ್ಲ.